ಭಾಷಣದಲ್ಲಿ ಇಲ್ಲದ ಮಾತು

ಮೈಕು ಕುಂಯ್ ಎಂದು ಕೂಗಿತು. ಮಮತಾ ಅದನ್ನು ಬಾಯಿಂದ ಸ್ವಲ್ಪ ದೂರ ಹಿಡಿದಳು. ಎದುರಿಗೆ ಶಾಮಿಯಾನದ ಕೆಳಗೆ ಶಾಲೆಯ ಮಕ್ಕಳೆಲ್ಲ ಕೂತಿದ್ದರು. ಹಿಂದೆ ಊರವರು. ಪಕ್ಕದ ಕುರ್ಚಿಗಳಲ್ಲಿ ಪಂಚಾಯಿತಿಯವರು. ಅವತ್ತು ಮಕ್ಕಳ ಗ್ರಾಮಸಭೆ. ಮಕ್ಕಳೇ ಎದ್ದು ನಿಂತು ತಮ್ಮ ಕಷ್ಟವನ್ನು ಪಂಚಾಯಿತಿಯವರಿಗೆ ಹೇಳುವ ದಿನ.

ಮಮತಾಗಿಂತ ಮೊದಲು ಏಳನೇ ಕ್ಲಾಸಿನ ಶರಣು ಎದ್ದು, ಶಾಲೆಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದಿದ್ದ. ಇನ್ನೊಬ್ಬ ಹುಡುಗಿ ಟಾಯ್ಲೆಟ್ಟಿಗೆ ಬಾಗಿಲಿಲ್ಲ ಎಂದಿದ್ದಳು. ಅಧ್ಯಕ್ಷ ತಿಪ್ಪೇಶಪ್ಪನವರು ಎರಡಕ್ಕೂ ನೋಡೋಣ, ನೋಡೋಣ ಎನ್ನುತ್ತ ಮೊಬೈಲ್ ನೋಡುತ್ತಿದ್ದರು.

ಮಮತಾ ಆರನೇ ಕ್ಲಾಸು. ಜಗಳೂರಿನಲ್ಲಿ ನಡೆದ ಚರ್ಚಾ ಸ್ಪರ್ಧೆಯಲ್ಲಿ ಪ್ರೈಜ್ ತಂದವಳು. ಹೆಂಗೆ ಮಾತಾಡಬೇಕು ಎಂದು ಅವಳಿಗೆ ಕಲಿಸಿದ್ದು ಪ್ರೇಮಲತಾ ಮಿಸ್.

"ಬರೀ ಸಮಸ್ಯೆ ಹೇಳಿದ್ರೆ ಯಾರ ಕಿವಿಗೂ ಬೀಳಲ್ಲ. ಒಬ್ಬ ಮನುಷ್ಯನ್ನ ತಂದು ಅವರ ಕಣ್ಮುಂದೆ ನಿಲ್ಲಿಸ್ಬೇಕು. ಆಗ ನಾಟತೈತೆ," ಎಂದು ಮಿಸ್ ಹೇಳುತ್ತಿದ್ದರು.

ನೀರು, ಬಾಗಿಲು ಎರಡನ್ನೂ ದೊಡ್ಡ ಕ್ಲಾಸಿನವರು ತೆಗೆದುಕೊಂಡಿದ್ದರಿಂದ ಮಮತಾಗೆ ಉಳಿದದ್ದು ಗೇಟಿನ ಮುಂದೆ ಮಾರುವ ತಿಂಡಿಯ ವಿಷಯ. ತಿಂಡಿಗೆ ನೊಣ ಕೂರುತ್ತದೆ, ಧೂಳು ಬೀಳುತ್ತದೆ, ಮುಚ್ಚಿಟ್ಟು ಮಾರುವಂತೆ ಹೇಳಬೇಕು. ಹಾಳೆಯಲ್ಲಿ ಬರೆದುಕೊಂಡಿದ್ದು ಅಷ್ಟೇ. ಅರ್ಧ ಓದಿದಳು. ಅಧ್ಯಕ್ಷರು ತಲೆ ಎತ್ತಲಿಲ್ಲ. ಇನ್ನೊಂದು ಸಾಲು ಓದಿದಳು. ಆಗಲೂ ಎತ್ತಲಿಲ್ಲ.

ಮಮತಾ ಹಾಳೆ ಮಡಿಸಿದಳು. ದನಿ ತಗ್ಗಿಸಿದಳು.

"ನನ್ನ ಗೆಳತಿ ರಕ್ಷಾ ಇಲ್ಲೇ ಕೂತಿದ್ದಾಳೆ. ಹೋದ ವಾರ ಅವಳು ಗೇಟಿನ ಮುಂದೆ ಚೌಡಕ್ಕನ ಹತ್ತಿರ ಶೇಂಗಾ ತಿಂದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಒದ್ದಾಡಿದಳು. ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದರು. ನಾಳೆ ಆ ಮಂಚದ ಮೇಲೆ ನಿಮ್ಮ ಮನೆಯ ಮಗು ಮಲಗಿದ್ದರೆ ಏನು ಮಾಡುತ್ತೀರಿ?"

ಅಧ್ಯಕ್ಷರು ಮೊಬೈಲನ್ನು ಮೇಜಿನ ಮೇಲೆ ಬೋರಲು ಇಟ್ಟರು. ಹಿಂದೆ ನಿಂತಿದ್ದ ಒಬ್ಬ ತಾಯಿ ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಲ್ಲರೂ ತನ್ನ ಮುಂದಿನ ಮಾತಿಗಾಗಿ ಕಾಯುತ್ತಿದ್ದಾರೆ ಎಂದು ಮಮತಾಗೆ ತಿಳಿಯಿತು. ಅಂಥ ಖುಷಿ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಅವಳು ಮಾತು ಮುಗಿಸಿದಾಗ ಬಿದ್ದ ಚಪ್ಪಾಳೆ ನಿಲ್ಲುವ ಮೊದಲೇ ಅಧ್ಯಕ್ಷರು ಗುಮಾಸ್ತರ ಕಡೆ ತಿರುಗಿ, ಈ ಹುಡುಗಿ ಹೇಳಿದ್ದನ್ನು ಬರೆದುಕೊಳ್ಳಿ, ನಾಳೆಯೇ ಕ್ರಮ ಆಗಲಿ ಎಂದರು.

ಮನೆಗೆ ಹೋಗುವಾಗ ರಕ್ಷಾ ಮಮತಾಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಬಸ್ ಸ್ಟಾಪು ದಾಟಿದ ಮೇಲೆ ಕೇಳಿದಳು.

"ನಂಗೆ ಯಾವಾಗ ಡ್ರಿಪ್ ಹಾಕಿದ್ರೇ?"

ಹೋದ ವಾರ ರಕ್ಷಾ ಎರಡು ದಿನ ಆಬ್ಸೆಂಟ್ ಆಗಿದ್ದು ನಿಜ. ಆದರೆ ಹೋಗಿದ್ದು ಹೊನ್ನಾಳಿಗೆ, ಸೋದರತ್ತೆಯ ಮಗುವಿನ ನಾಮಕರಣಕ್ಕೆ. ಅದು ಮಮತಾಗೂ ಗೊತ್ತಿತ್ತು.

"ಭಾಷಣದಾಗೆ ಹಂಗೆ ಹೇಳ್ಬೇಕಾಗತೈತೆ. ಅದು ಉದಾಹರಣೆ," ಎಂದಳು.

"ಉದಾಹರಣೆಗೆ ನನ್ ಹೆಸರು ಯಾಕೆ? ಚೌಡಕ್ಕನ ಹೆಸರು ಯಾಕೆ?"

ಮಮತಾ ಚಪ್ಪಲಿಗೆ ಸಿಕ್ಕ ಕಲ್ಲು ತೆಗೆಯುವವಳಂತೆ ಬಗ್ಗಿದಳು.

ಸೋಮವಾರ ಗೇಟಿನ ಪಕ್ಕ ಹೊಸ ಬೋರ್ಡು ನಿಂತಿತ್ತು. ಇಲ್ಲಿ ತಿಂಡಿ ಮಾರಬಾರದು. ಬೇವಿನ ಮರದ ಕೆಳಗೆ ಚೌಡಕ್ಕ ಇರಲಿಲ್ಲ. ಬೇಯಿಸಿದ ಶೇಂಗಾದ ಬುಟ್ಟಿ ಇರಲಿಲ್ಲ. ಉಪ್ಪುಕಾರ ಸವರಿದ ಸೀಬೆಹಣ್ಣು ಇರಲಿಲ್ಲ. ಮಕ್ಕಳು ಕುಡಿಯಲೆಂದು ಅವಳು ಒದ್ದೆ ಬಟ್ಟೆ ಸುತ್ತಿ ಇಡುತ್ತಿದ್ದ ನೀರಿನ ಮಡಕೆಯೂ ಇರಲಿಲ್ಲ. ಆಟದ ಪಿರಿಯಡ್ಡು ಮುಗಿದಾಗ ಒಂದನೇ ಕ್ಲಾಸಿನ ಇಬ್ಬರು ಮಕ್ಕಳು ಅಭ್ಯಾಸದಂತೆ ಮರದ ಹತ್ತಿರ ಓಡಿಹೋಗಿ, ಅಲ್ಲಿ ಏನೂ ಕಾಣದೆ ಸುಮ್ಮನೆ ನಿಂತರು. ನಲ್ಲಿಯಲ್ಲಿ ಇನ್ನೂ ನೀರು ಬಂದಿರಲಿಲ್ಲ.

ಮಮತಾ ಎರಡು ದಿನ ಬೇವಿನ ಮರದ ಕಡೆ ನೋಡದೆ ಶಾಲೆಗೆ ಹೋಗಿಬಂದಳು. ಯಾರಾದರೂ "ಸೂಪರಾಗಿ ಮಾತಾಡಿದೆ" ಎಂದರೆ ಬೇರೆ ಕಡೆ ನಡೆದುಬಿಡುತ್ತಿದ್ದಳು. ಮೂರನೇ ದಿನ ಸ್ಕೂಲು ಬಿಟ್ಟ ಮೇಲೆ ಒಬ್ಬಳೇ ಪಂಚಾಯಿತಿ ಕಟ್ಟಡಕ್ಕೆ ಹೋದಳು.

ಅಧ್ಯಕ್ಷರು ಅವಳನ್ನು ಕಂಡು ನಕ್ಕರು. ಎದುರು ಕೂತಿದ್ದವರಿಗೆ, ಇವಳೇ ನೋಡಿ ನಮ್ಮೂರ ಮಾತುಗಾರ್ತಿ ಎಂದು ಪರಿಚಯ ಮಾಡಿಕೊಟ್ಟರು.

"ಸರ್, ರಕ್ಷಾ ಆಸ್ಪತ್ರೆಗೆ ಹೋಗಿರ್ಲಿಲ್ಲ. ನಾನು ಸುಳ್ಳು ಹೇಳಿದ್ದೆ."

ಅಧ್ಯಕ್ಷರು ಎದುರು ಕೂತಿದ್ದವರ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು. "ಚೌಡಕ್ಕ ಹೇಳಿ ಕಳಿಸಿದ್ಲಾ?"

ಮಮತಾ ಇಲ್ಲವೆಂದಳು. ಅವರು ನಂಬಲಿಲ್ಲ. ಹುಡುಗಿಗೆ ಚೌಡಕ್ಕನನ್ನು ನೋಡಿ ಪಾಪ ಅನ್ನಿಸಿರಬೇಕು, ಮನಸ್ಸು ಒಳ್ಳೆಯದು ಎಂದು ಪಕ್ಕದವರಿಗೆ ಹೇಳಿದರು. ಸಭೆಯ ಫೋಟೋ, ಬೋರ್ಡಿನ ಫೋಟೋ ಎರಡೂ ಮೇಲಿನವರಿಗೆ ಹೋಗಿವೆ, ಈಗ ಏನೂ ಮಾಡಲು ಆಗುವುದಿಲ್ಲ, ಹೋಗಿ ಚೆನ್ನಾಗಿ ಓದು ಎಂದರು. ಅವತ್ತು ಸುಳ್ಳನ್ನು ಇಷ್ಟು ಬೇಗ ನಂಬಿದವರು ಇವತ್ತು ನಿಜವನ್ನು ಯಾಕೆ ನಂಬುತ್ತಿಲ್ಲ ಎಂದು ಮಮತಾಗೆ ಅರ್ಥವಾಗಲಿಲ್ಲ.

ಅಲ್ಲಿಂದ ನೇರ ಚೌಡಕ್ಕನ ಮನೆಗೆ ನಡೆದಳು. ಹಿಂದಿನ ಬೀದಿಯ ಕೊನೆಯಲ್ಲಿ ಶೀಟಿನ ಮನೆ. ಚೌಡಕ್ಕ ಅಂಗಳದಲ್ಲಿ ಕೂತು ಶೇಂಗಾ ಬೇಯಿಸುವ ಪಾತ್ರೆಯನ್ನು ಬೂದಿ ಹಾಕಿ ಉಜ್ಜುತ್ತಿದ್ದಳು. ಪಾತ್ರೆ ಆಗಲೇ ಬೆಳ್ಳಗೆ ಹೊಳೆಯುತ್ತಿತ್ತು. ಆದರೂ ಉಜ್ಜುತ್ತಲೇ ಇದ್ದಳು. ಯೂನಿಫಾರ್ಮ್ ಕಂಡು ಅವಳ ಕೈ ನಿಂತಿತು.

"ಸ್ಕೂಲ್ ಮಗಾನಾ? ಆ ಹುಡುಗಿ ಹೆಂಗೈತವ್ವ ಈಗ?"

ಯಾವ ಹುಡುಗಿ ಎಂದು ಮಮತಾ ಕೇಳಬೇಕಾಗಲಿಲ್ಲ.

ಚೌಡಕ್ಕ ತಾನಾಗಿಯೇ ಹೇಳತೊಡಗಿದಳು. ಗೇಟಿನಲ್ಲಿ ಬೋರ್ಡು ಹಾಕಿದರೇನು, ಬಸ್ ಸ್ಟಾಪಿನ ಹತ್ತಿರ ಕೂತು ಮಾರಬಹುದಿತ್ತು. ಆದರೆ ಬುಟ್ಟಿ ಹೊರಲು ಮನಸ್ಸೇ ಬರುತ್ತಿಲ್ಲ. ಹನ್ನೆರಡು ವರ್ಷದಲ್ಲಿ ಯಾವ ಮಗುವಿಗೂ ಏನೂ ಆಗಿರಲಿಲ್ಲ. ಅವತ್ತು ಪಾತ್ರೆಯನ್ನು ಸರಿಯಾಗಿ ತೊಳೆಯಲಿಲ್ಲವೋ, ನೀರೇ ಕೆಟ್ಟಿತ್ತೋ, ನೆನಪಿಗೇ ಬರುತ್ತಿಲ್ಲ. ಮಗುವನ್ನು ನೋಡಿಬರೋಣವೆಂದರೆ ಅವರ ಮನೆಯವರ ಮುಖ ನೋಡಲು ಹೆದರಿಕೆ.

ಮಮತಾ ದಾರಿಯಲ್ಲಿ ಏನೇನೋ ಜೋಡಿಸಿಕೊಂಡು ಬಂದಿದ್ದಳು. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಕೊನೆಗೆ ಹೇಳಿದರೆ ಚೌಡಕ್ಕನಿಗೆ ಸಿಟ್ಟು ಬರುವುದಿಲ್ಲ ಎಂದು. ಈಗ ಅದೊಂದೂ ಬಾಯಿಗೆ ಬರಲಿಲ್ಲ.

"ಆ ಹುಡುಗಿಗೆ ಏನೂ ಆಗಿಲ್ಲ. ನಿನ್ ಶೇಂಗಾದಿಂದ ಯಾರಿಗೂ ಏನೂ ಆಗಿಲ್ಲ. ಎಲ್ರೂ ಕೇಳ್ಲಿ ಅಂತ ನಾನೇ ಕಟ್ಟಿ ಹೇಳಿದ್ದು."

ಚೌಡಕ್ಕ ಅವಳನ್ನೇ ನೋಡಿದಳು. "ಹುಡುಗಿ ಚೆನ್ನಾಗೈತೆ?"

"ಐತೆ."

ಚೌಡಕ್ಕ ದೊಡ್ಡದಾಗಿ ಉಸಿರು ಬಿಟ್ಟು ಬೂದಿಗೈಯಲ್ಲೇ ಹಣೆ ಒರೆಸಿಕೊಂಡಳು. ಬೈದಿದ್ದರೆ ಮಮತಾ ಅತ್ತುಬಿಡುತ್ತಿದ್ದಳು. ಚೌಡಕ್ಕ ಬೈಯಲಿಲ್ಲ.

"ನಾಳೆಯಿಂದ ಬಸ್ ಸ್ಟಾಪಿಗೆ ಬರ್ತೀಯಾ?" ಎಂದು ಮಮತಾ ಕೇಳಿದಳು.

"ನೀನು ಹೇಳಿದ್ದು ನಾನು ಕೇಳ್ದೆ. ಊರು ಕೇಳಬೇಕಲ್ಲವ್ವ," ಎಂದು ಹೇಳಿ ಚೌಡಕ್ಕ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಮರುದಿನ ಸಂಜೆ ಮಮತಾ ರಕ್ಷಾಳ ಮನೆಗೆ ಹೋಗಿ ನಿಂತಳು. ಎಲ್ಲ ಮನೆಗಳಿಗೂ ಹೋಗಿ ಹೇಳಬೇಕು, ಜೊತೆಗೆ ಬರುತ್ತೀಯಾ ಎಂದಳು. ರಕ್ಷಾ ಇನ್ನೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಆದರೂ ಚಪ್ಪಲಿ ಮೆಟ್ಟಿಕೊಂಡು ಬಂದಳು.

ಮೊದಲನೇ ಮನೆಯವರು ಕೇಳಿಸಿಕೊಂಡು, ಆಯ್ತು ಹೋಗಿ ಎಂದರು. ಎರಡನೇ ಮನೆಯಲ್ಲಿ, ಆಸ್ಪತ್ರೆ ಸೇರಿದ್ದು ಮೂರು ಮಕ್ಕಳಂತಲ್ಲ ಎಂದು ಇವರನ್ನೇ ಕೇಳಿದರು. ಮೂರನೇ ಮನೆಯ ಕೆಂಪಕ್ಕಜ್ಜಿ ಕಟ್ಟೆಯ ಮೇಲೆ ಮೊರ ಹಿಡಿದು ರಾಗಿ ಕೇರುತ್ತಿದ್ದರು. ಮಮತಾ ಹೇಳಿದ್ದನ್ನೆಲ್ಲ ಕೇಳಿ, ರಕ್ಷಾಳನ್ನು ಮೇಲಿಂದ ಕೆಳಗೆ ನೋಡಿದರು.

"ನಿಂಗೆ ಗೊತ್ತಿಲ್ಲ ಬಿಡವ್ವ. ಅದು ಈ ಹುಡುಗಿ ಅಲ್ಲ, ಬ್ಯಾರೆ. ಪಾಪ, ಬದುಕಿದ್ದೇ ಹೆಚ್ಚಂತೆ."

ರಕ್ಷಾ, ಮಮತಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರಿಗೂ ನಗು ಬರಲಿಲ್ಲ.

ದನಿ ತಗ್ಗಿಸಿ, ಒಂದು ಪ್ರಶ್ನೆ ಕೇಳಿ, ನಡುವೆ ಸ್ವಲ್ಪ ತಡೆದು ಹೇಳಿದರೆ ಅಜ್ಜಿ ನಂಬುತ್ತಿದ್ದರೇನೋ. ಹಾಗೆ ಹೇಳುವುದು ಮಮತಾಗೆ ಗೊತ್ತಿತ್ತು. ಅವಳು ಹಾಗೆ ಹೇಳಲಿಲ್ಲ.

"ಇವಳೇ ಅಜ್ಜಿ ಆ ರಕ್ಷಾ. ಸುಳ್ಳು ಹೇಳಿದ್ದು ನಾನು," ಎಂದಳು.

ಕೆಂಪಕ್ಕಜ್ಜಿ ಮತ್ತೆ ಮೊರ ಎತ್ತಿಕೊಂಡರು.

ಬೀದಿ ಇನ್ನೂ ಉದ್ದಕ್ಕೆ ಇತ್ತು. ಅದರ ಹಿಂದೆ ಇನ್ನೊಂದು ಬೀದಿ. ಮಮತಾ ಮುಂದಿನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು.