ಗೋಡೆಯಾಚೆಯ ರಾಣಿ

ಪಕ್ಕದ ಮನೆಗೆ ಬಾಡಿಗೆಗೆ ಬಂದವನಿಗೆ ಮದುವೆಯಾಗಿದೆ ಎಂದೇ ಸುನಂದಾ ನಂಬಿದ್ದಳು. ನಂಬದೆ ಏನು ಮಾಡಿಯಾಳು? ದಿನಾ ಬೆಳಿಗ್ಗೆ ಹಿತ್ತಲಲ್ಲಿ ಮಲ್ಲಿಗೆ ಬಳ್ಳಿಗೆ ನೀರು ಹಾಕುವಾಗ ಗೋಡೆಯಾಚೆಯ ಅಡುಗೆಮನೆಯಿಂದ ಒಂದು ಮೆತ್ತಗಿನ ದನಿ ಕೇಳುತ್ತಿತ್ತು.

“ರಾಣಿ, ಇವತ್ತೂ ಉಪ್ಪಿಟ್ಟು ತಳ ಹಿಡದೈತಿ. ಸಿಟ್ಟಾಗಬ್ಯಾಡ. ಸಂಜಿಗೆ ಬರೂವಾಗ ಏನಾರ ಛಲೋದು ತರ್ತೇನಿ.”

ಹೆಂಡತಿಯನ್ನು ಇಷ್ಟು ಮುದ್ದು ಮಾಡುವ ಗಂಡಸು ಸಿಂದಗಿಯಲ್ಲೂ ಇದ್ದಾನಲ್ಲ ಎಂದು ಅವಳಿಗೆ ಬೆರಗು. ಆ ಬೆರಗಿನ ಬುಡದಲ್ಲಿ ಸಣ್ಣದೊಂದು ಹೊಟ್ಟೆಕಿಚ್ಚೂ ಇತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವಳಿಗೆ ಮೂವತ್ತು ದಾಟಿತ್ತು. ನೋಡಲು ಬಂದ ಗಂಡುಗಳೆಲ್ಲ ಚಹಾ ಕುಡಿದು, ಪಗಾರ ಕೇಳಿ ಹೋಗಿದ್ದರು. ಅವಳು ಏನು ತಿನ್ನುತ್ತಾಳೆ, ಯಾವುದಕ್ಕೆ ನಗುತ್ತಾಳೆ ಎಂದು ಒಬ್ಬನೂ ಕೇಳಿರಲಿಲ್ಲ.

ದಸರಾ ರಜೆಯ ಒಂದು ಬೆಳಿಗ್ಗೆ ಅವನೇ ಸ್ಟೀಲ್ ಬಟ್ಟಲು ಹಿಡಿದು ಗೇಟಿನ ಹೊರಗೆ ನಿಂತಿದ್ದ. ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖ, ನಾಚಿಕೆಯ ಕಣ್ಣು.

“ಹೆಪ್ಪಿಗೆ ಒಂದೀಟು ಮೊಸರು ಸಿಗ್ತೈತೇನ್ರಿ?”

“ಕೊಡ್ತೇನಿ. ರಾಣಿಯವರು ಕಳಿಸಿದ್ರೇನು?”

ಅವನು ಕಣ್ಣು ಪಿಳುಕಿಸಿದ. ಆಮೇಲೆ ಅರ್ಥವಾಗಿ, ಬಟ್ಟಲು ಅಲುಗುವಷ್ಟು ನಕ್ಕ. “ರಾಣೀಗೆ ಮೊಸರಂದ್ರ ಪಂಚಪ್ರಾಣ ಖರೇನರಿ” ಎನ್ನುತ್ತ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅವನ ಕಾಲಿನ ಹಿಂದಿನಿಂದ ಕಂದು ಬಣ್ಣದ ಒಂದು ಕಿವಿ, ಒದ್ದೆ ಮೂಗು, ಅಲ್ಲಾಡುವ ಬಾಲ ಹೊರಬಂದವು.

ಸುನಂದಾ ಬಾಗಿಲವರೆಗೆ ಹಿಂದೆ ಸರಿದಿದ್ದಳು. ಮೊಸರನ್ನು ತಾಯಿ ಶಂಕ್ರೆವ್ವನೇ ಹೋಗಿ ಕೊಟ್ಟಳು.

ಅವನ ಹೆಸರು ಬಸವಂತರಾಯ. ಊರು ಕೊಲ್ಹಾರ. ಹೊಲ ಅಳೆಯುವ ಸರ್ವೇಯರ್ ಕೆಲಸ. ಒಮ್ಮೆ ಅಳತೆಗೆಂದು ಹೋದಾಗ ಕಾಲುವೆಯ ಕೆಸರಲ್ಲಿ ಸಿಕ್ಕಿಕೊಂಡಿದ್ದ ಮರಿಯನ್ನು ಎತ್ತಿ ತಂದಿದ್ದ. ಅಂದಿನಿಂದ ಅವನ ಮಾತು ಕೇಳಲು ಮನೆಯಲ್ಲಿ ರಾಣಿ ಇದ್ದಳು.

“ಬಸವಂತರಾಯ ಅಂದ್ರ ನಮ್ಮಜ್ಜನ ಓರಗಿಯವರ ಹೆಸರು ಅನಸ್ತದ” ಎಂದು ಸುನಂದಾ ಒಂದು ಸಂಜೆ ಗೋಡೆಯ ಈಚೆಯಿಂದ ಕಾಡಿಸಿದಳು.

“ಹೆಸರಷ್ಟ ಅಜ್ಜಂದು, ಟೀಚರ್. ಅಡಿಗಿ ಮಾತ್ರ ಇನ್ನೂ ಬಾಲವಾಡಿ.”

ಹಾಗೆ ಶುರುವಾಯಿತು. ಎದೆಮಟ್ಟದ ಗೋಡೆ. ಈಚೆ ಅವಳು, ಆಚೆ ಅವನು, ಅವನ ಕಾಲಬಳಿ ಕಣ್ಣಿಗೆ ಕಾಣದ ರಾಣಿ. ದೀಪಾವಳಿಗೆ ತಂಗಿ ಬರುತ್ತಾಳೆ, ಸುಲಭದ್ದೇನಾದರೂ ಸಿಹಿ ಹೇಳಿಕೊಡಿ ಎಂದು ಅವನು ಕೇಳಿದ.

“ಮಾದ್ಲಿ ಮಾಡ್ರಿ. ಹೂರಣ ರುಬ್ಬೂದಿಲ್ಲ, ಲಟ್ಟಿಸಿ ತುಂಬೂದಿಲ್ಲ. ತರಿ ಗೋಧಿಹಿಟ್ಟಿನ ದಪ್ಪ ಚಪಾತಿ ಸುಟ್ಟು, ಬಿಸಿ ಇದ್ದಾಗನ ಮುರದು ಪುಡಿ ಮಾಡಬೇಕು. ಅದಕ್ಕ ಬೆಲ್ಲ, ಪುಟಾಣಿ, ಒಣಕೊಬ್ಬರಿ, ಗಸಗಸಿ, ಯಾಲಕ್ಕಿ. ಉಣ್ಣೂವಾಗ ಮ್ಯಾಲ ತುಪ್ಪ, ಹಾಲು.”

“ಚಪಾತಿ ಗುಂಡಗ ಆಗದಿದ್ರ?”

“ಮುರಿಯೂ ಚಪಾತಿ ಹೆಂಗಿದ್ರೇನ್ರಿ?”

ಅವನು ನಕ್ಕಾಗ ಎಡಗೆನ್ನೆಯಲ್ಲಿ ಸಣ್ಣ ಕುಳಿ ಬೀಳುತ್ತಿತ್ತು. ಅದನ್ನು ನೋಡಬಾರದೆಂದು ಅವಳು ಮಲ್ಲಿಗೆ ಎಲೆ ಎಣಿಸುವವಳಂತೆ ತಲೆ ತಗ್ಗಿಸುತ್ತಿದ್ದಳು. ಮತ್ತೆ ತಲೆ ಎತ್ತಿದಾಗ ಅವನು ಅವಳನ್ನೇ ನೋಡುತ್ತಿರುತ್ತಿದ್ದ. ಸಿಕ್ಕಿಬಿದ್ದವನಂತೆ ಕೆಳಗೆ ನೋಡಿ, “ಹೌದಿಲ್ಲೋ ರಾಣಿ?” ಎನ್ನುತ್ತಿದ್ದ.

ತನ್ನ ಅಂಜಿಕೆಯ ಕಥೆಯನ್ನೂ ಅವಳು ಆ ಗೋಡೆಯ ಮೇಲೆ ಕೈಯಿಟ್ಟೇ ಹೇಳಿದಳು. ಮುದ್ದೇಬಿಹಾಳದಲ್ಲಿ ಅಜ್ಜಿಯ ಮನೆಯಿಂದ ಸಾಲೆಗೆ ಹೋಗುವಾಗ ನಾಯಿ ಕಚ್ಚಿತ್ತು. ಕಚ್ಚಿದ್ದಕ್ಕಿಂತ, ದವಾಖಾನೆಯಲ್ಲಿ ಹೊಟ್ಟೆಗೆ ಚುಚ್ಚಿದ ಸೂಜಿ ಇನ್ನೂ ಕನಸಿನಲ್ಲಿ ಬರುತ್ತಿತ್ತು.

“ನಂಗ ನಾಯಿ ಮ್ಯಾಲ ಸಿಟ್ಟಿಲ್ರಿ. ಅಂಜಿಕಿ ಅಷ್ಟ. ರಾಣಿ ಛಲೋಕಿ ಅಂತ ಗೊತ್ತೈತಿ. ಕಾಲಿಗೆ ಗೊತ್ತಿಲ್ಲ.”

“ಕಾಲಿಗೆ ಗೊತ್ತಾಗೂತನಕ ಗೋಡಿ ಇರಲಿ ಬಿಡ್ರಿ” ಎಂದ ಅವನು.

ಆ ಸಂಜೆಗಳು ಅವಳಿಗೆ ಎಚ್ಚರದಲ್ಲಿ ಬಿದ್ದ ಕನಸಿನಂತೆ ಇದ್ದವು. ಜೋಳದ ಹೊಲಗಳ ಮೇಲಿಂದ ತಣ್ಣನೆ ಗಾಳಿ, ಒಲೆಯ ಮೇಲೆ ಅವ್ವನ ರೊಟ್ಟಿಯ ವಾಸನೆ, ಗೋಡೆಯಾಚೆ ಒಂದು ದನಿ. ಪಾಠದ ನಡುವೆ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದಳು.

ಹೊಲಕ್ಕೆ ಹೋಗಿ ಉಣ್ಣುವ ಎಳ್ಳಮಾಸೆ ಹಬ್ಬಕ್ಕೆ ಇನ್ನೂ ಒಂದು ವಾರವಿದ್ದಾಗ ಅವನು ತಾಯಿ ಮಗಳಿಬ್ಬರನ್ನೂ ಚಹಾಕ್ಕೆ ಕರೆದ. ರಾಣಿಯನ್ನು ಹಿತ್ತಲಲ್ಲಿ ಕಟ್ಟಿದ್ದ. ಸುನಂದಾ ಧೈರ್ಯ ಮಾಡಿ ಗೇಟು ದಾಟಿದ್ದಳಷ್ಟೇ, ಹಗ್ಗ ಕಳಚಿಕೊಂಡ ರಾಣಿ ಖುಷಿಯಿಂದ ಓಡಿಬಂತು. ಸುನಂದಾಗೆ ಕಂಡದ್ದು ಹಲ್ಲು ಮಾತ್ರ. ಚೀರಿ ಹಿಂದಕ್ಕೆ ಬಿದ್ದಳು. ಮೊಣಕೈ ತರಚಿ ರಕ್ತ ಬಂತು. ಬಸವಂತರಾಯ ಓಡಿಬಂದು ನಾಯಿಯನ್ನು ಹಿಡಿದುಕೊಂಡ. ಅವನ ಮುಖ ಬಿಳಿಚಿಹೋಗಿತ್ತು. ಶಂಕ್ರೆವ್ವ ಮಗಳನ್ನು ಎಬ್ಬಿಸಿಕೊಂಡು ಮನೆಗೆ ಕರೆದೊಯ್ದಳು.

ಮರುದಿನದಿಂದ ಗೋಡೆಯಾಚೆ ಮಾತಿಲ್ಲ. ಉಪ್ಪಿಟ್ಟಿನ ಸುದ್ದಿಯಿಲ್ಲ, ರಾಣಿಯ ಹೆಸರಿಲ್ಲ. ಸುನಂದಾ ನೀರು ಹಾಕಿದ ಗಿಡಕ್ಕೇ ಮತ್ತೆ ನೀರು ಹಾಕುತ್ತ ಕಾದಳು. ಕಡೆಗೆ ತಾನೇ ಕೂಗಿ ಕರೆದಳು.

“ರಾಣಿ ಎಲ್ಲದಾಳ್ರಿ?”

“ಕನ್ನೊಳ್ಳ್ಯಾಗ ನಮ್ಮ ದೋಸ್ತ ಪರಸಪ್ಪನ ಹೊಲಕ್ಕ ಬಿಟ್ಟು ಬಂದೇನಿ.” ಅವನು ಗೋಡೆಯತ್ತ ಬರಲಿಲ್ಲ. “ಅಲ್ಲಿ ಜಾಗಾ ಭಾಳ ಐತಿ. ನಿಮಗೂ… ಈ ಗೇಟಿಗೆ ಬರಾಕ ಅಂಜಿಕಿ ಇರೂದಿಲ್ಲ.”

“ಬಿಟ್ಟು ಬರ್ರಿ ಅಂತ ನಾ ಹೇಳಿದ್ನೇನ್ರಿ?”

“ನೀವು ಹೇಳಿಲ್ಲ. ನಿಮ್ಮ ಮೊಣಕೈ ನೋಡಿ ನನಗನ ತಡೀಲಿಲ್ಲ.”

ಅವಳು ಮೊಣಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ತನಗಾಗಿ ಒಬ್ಬನು ಇಷ್ಟು ದೊಡ್ಡದನ್ನು ಬಿಟ್ಟುಕೊಟ್ಟ ಎಂಬುದು ಸಿಹಿಯಾಗಿತ್ತು. ಆದರೆ ಗಂಟಲಲ್ಲಿ ಇಳಿಯದ ಸಿಹಿ. ರಾಣಿ ಇಲ್ಲದ ಹಿತ್ತಲಲ್ಲಿ ಅವನು ಒಬ್ಬನೇ ನಿಂತಿದ್ದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎಳ್ಳಮಾಸೆಯ ಮುಂಜಾನೆ ಅವನ ಮನೆಗೆ ಬೀಗವಿತ್ತು. ಕೊಲ್ಹಾರಕ್ಕೆ ಹೋಗಿರಬೇಕು. ಇವರ ಮನೆಯಲ್ಲಿ ಹಬ್ಬದ ಅಡುಗೆಯಾಗಿತ್ತು. ಸಜ್ಜೆ ರೊಟ್ಟಿ, ಬದನೆ ಎಣಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬುಟ್ಟಿ ಕಟ್ಟುತ್ತ ಶಂಕ್ರೆವ್ವ ಕೇಳಿದಳು, “ಯಾರ ಹೊಲಕ್ಕ ಹೋಗೂನು ಈ ಸಲ?”

“ಕನ್ನೊಳ್ಳಿಗೆ ಯವ್ವಾ. ಪರಸಪ್ಪನ ಹೊಲಕ್ಕ.”

ಶಂಕ್ರೆವ್ವ ಮಗಳ ಮುಖ ನೋಡಿದಳು. ಬುಟ್ಟಿಗೆ ಇನ್ನೆರಡು ರೊಟ್ಟಿ ಸೇರಿಸಿದಳು.

ಟಂಟಂ ಆಟೋ ಇಳಿದು ಕಾಲುದಾರಿ ಹಿಡಿದರು. ಎಲ್ಲ ಹೊಲಗಳಲ್ಲೂ ಜನ ನೈವೇದ್ಯದ ಚರಗವನ್ನು ಬೆಳೆಗೆ ಚೆಲ್ಲಿ, ಭೂಮಿತಾಯಿಗೆ ಎಡೆ ಕೊಟ್ಟು ಊಟಕ್ಕೆ ಕೂತಿದ್ದರು. ಪರಸಪ್ಪ ಗುರುತಿಲ್ಲದವರನ್ನೂ ಹಬ್ಬದ ದಿನವೆಂದು ಬರ್ರಿ ಬರ್ರಿ ಎಂದು ಕರೆದ. ರಾಣಿಯ ಹೆಸರೆತ್ತಿದೊಡನೆ ಅವನ ಮುಖ ಇಳಿಯಿತು.

“ಏನ್ ಹಾಕಿದ್ರೂ ಮೂಸಿ ನೋಡೂದಿಲ್ರಿ. ದಾರಿ ಕಡೆ ಮಾರಿ ಮಾಡಿ ಮಲಗೇತಿ.”

ಬೇವಿನ ಮರದ ಕೆಳಗೆ ರಾಣಿ ಮಲಗಿತ್ತು. ಪಕ್ಕೆಯ ಎಲುಬು ಕಾಣುತ್ತಿದ್ದವು. ಸುನಂದಾಳ ಕಾಲು ಮುಂದೆ ಹೋಗಲಿಲ್ಲ. ಒಂದಷ್ಟು ದೂರದಲ್ಲೇ ನೆಲಕ್ಕೆ ಕೂತಳು. ಏನು ಮಾಡುವುದೋ ತಿಳಿಯದೆ, ಗೊತ್ತಿದ್ದ ಮಾತನ್ನೇ ಆಡತೊಡಗಿದಳು.

“ರಾಣಿ, ಇವತ್ತ ಸಜ್ಜಿ ರೊಟ್ಟಿ ಮಾಡೇನಿ. ಎಳ್ಳು ಹಚ್ಚೇನಿ. ಮೊಸರೂ ತಂದೇನಿ, ನಿನಗ ಮೊಸರಂದ್ರ ಜೀವ ಅಂತಲ್ಲ.”

ರಾಣಿಯ ಕಿವಿ ಎದ್ದವು. ಅದು ತಲೆಯೆತ್ತಿ ಅವಳನ್ನು ನೋಡಿತು. ಗೋಡೆಯ ಈಚೆಯ ಈ ದನಿಯನ್ನು ಅದು ದಿನಾ ಸಂಜೆ ಕೇಳಿತ್ತು. ಎದ್ದು, ಓಡಿಬರದೆ, ಒಂದೊಂದೇ ಹೆಜ್ಜೆ ಇಟ್ಟು ಬಂತು. ಸುನಂದಾ ಕಣ್ಣು ಗಟ್ಟಿಯಾಗಿ ಮುಚ್ಚಿ, ಮೊಸರಲ್ಲಿ ನೆನೆಸಿದ ರೊಟ್ಟಿಯ ಚೂರನ್ನು ಅಂಗೈಯಲ್ಲಿ ಮುಂದೆ ಚಾಚಿದಳು. ಬೆಚ್ಚನೆಯ ಉಸಿರು ಬೆರಳಿಗೆ ತಾಗಿತು. ಆಮೇಲೆ ಒದ್ದೆ ನಾಲಿಗೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ಕಣ್ಣು ತೆರೆದಾಗ ಜೋಳದ ಬೆಳೆಯ ಅಂಚಿನಲ್ಲಿ ಬಸವಂತರಾಯ ನಿಂತಿದ್ದ. ಕೊಲ್ಹಾರಕ್ಕೆ ಅರ್ಧ ದಾರಿ ಹೋದವನು ಮನಸ್ಸು ತಡೆಯದೆ ಬೈಕ್ ತಿರುಗಿಸಿಕೊಂಡು ಬಂದಿದ್ದ.

“ಟೀಚರ್, ನೀವು ಇಲ್ಲಿ?”

“ಆಕೀನ ಮನಿಗೆ ಕರಕೊಂಡು ಹೋಗಾಕ ಬಂದೇನಿ.”

“ನಿಮಗ ಅಂಜಿಕಿ…”

“ಐತ್ರಿ. ಇನ್ನೂ ಐತಿ. ಆದ್ರ ನೀವು ಮಾತಾಡದ ಹಿತ್ತಲ ಅದಕ್ಕಿಂತ ಅಂಜಿಕಿ.”

ಅವನು ಅವಳ ಎದುರಿಗೆ ಕೂತ. ರಾಣಿಯ ಬೆನ್ನು ಸವರಿದ.

“ಉಪ್ಪಿಟ್ಟು ಇನ್ನೂ ತಳ ಹಿಡಸ್ತೇನಿ ನಾ” ಎಂದ. “ಸಂಜಿಕ ಮನೀಗೆ ಬಂದ್ರ ನಿಮ್ಮ ದನಿ ಬೇಕನಸ್ತದ, ಗೋಡಿ ಆಚೆ ಅಲ್ಲ. ನಿಮಗ ಒಪ್ಪಿಗಿ ಇದ್ರ, ನಮ್ಮವ್ವನ್ನ ನಿಮ್ಮ ಮನೀಗೆ ಕರಕೊಂಡು ಬರ್ತೇನಿ.”

“ಪಗಾರ ಕೇಳ್ತಾರೇನು ನಿಮ್ಮವ್ವ?”

“ಹೆಂಗ ನಗ್ತಾಳ ಅಂತ ಕೇಳ್ಯಾರ. ನಾ ಆಗಲೇ ಹೇಳೇನಿ.”

ಸುನಂದಾ ತಲೆ ತಗ್ಗಿಸಿದಳು. ಎಣಿಸಲು ಇಲ್ಲಿ ಎಲೆಗಳಿರಲಿಲ್ಲ. ಅದಕ್ಕೇ ತಲೆ ಎತ್ತಿ ನೇರವಾಗಿ ಅವನನ್ನು ನೋಡಿದಳು. “ಕರಕೊಂಡು ಬರ್ರಿ” ಎಂದಳು.

ಆಚೆ ಶಂಕ್ರೆವ್ವ ಎಲೆ ಹಾಕಿ ಎಲ್ಲರನ್ನೂ ಊಟಕ್ಕೆ ಕೂಗಿದಳು. ಹೊಟ್ಟೆ ತುಂಬಿದ ರಾಣಿ ಮೈ ಚಾಚಿ, ಗದ್ದವನ್ನು ಸುನಂದಾಳ ಪಾದದ ಮೇಲೆ ಊರಿ ಕಣ್ಣು ಮುಚ್ಚಿತು. ಅವಳ ಎದೆ ಡವಗುಟ್ಟಿತು. ಆದರೂ ಕಾಲನ್ನು ಹಿಂದಕ್ಕೆಳೆದುಕೊಳ್ಳದೆ, “ಸ್ವಲ್ಪ ತಡೀರಿ” ಎಂದು ಊಟಕ್ಕೆ ಏಳಹೊರಟ ಅವನ ತೋಳು ಹಿಡಿದುಕೊಂಡು ಅಲ್ಲೇ ಕೂತಳು.