ಬಾಟಲಿಯ ಹಿಂದಿನ ಸಾಲು

ಜಯಪ್ಪನವರು ನನ್ನತ್ತ ನೋಡಿ ನಕ್ಕಾಗ ನನ್ನ ಕೈಯಲ್ಲಿ ಕತ್ತರಿ ಇತ್ತು. ಎಲ್ಲವೂ ಶುರುವಾದದ್ದು ಅಲ್ಲಿಂದಲೇ.

೧೯೭೯ರ ಆಷಾಢ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ, ಜಗಳೂರಿನ ಡಾಕ್ಟರ್ ತಿಪ್ಪೇರುದ್ರಸ್ವಾಮಿಯವರು ತಮ್ಮ ಡಿಸ್ಪೆನ್ಸರಿಗೆ ಕರೆದಿದ್ದರು. ಔಷಧಿ ಬೆರೆಸುವವರು ಕಾಂಪೌಂಡರ್ ಜಯಪ್ಪನವರು. ಬಾಟಲಿಗೆ ಡೋಸಿನ ಚೀಟಿ ಅಂಟಿಸುವವಳು ನಾನು. ಕಾಗದದ ಪಟ್ಟಿಯನ್ನು ಮೂರು ಸಲ ಮಡಿಸಿ ಮಡಿಕೆಯ ಅಂಚನ್ನು ಕತ್ತರಿಸಿದರೆ, ಬಿಡಿಸಿದಾಗ ಎಂಟು ಭಾಗಗಳಾಗುತ್ತವೆ. ಒಂದು ಭಾಗದಷ್ಟು ಔಷಧಿ ಒಂದು ಹೊತ್ತಿಗೆ. ಓದು ಬಾರದವರೂ ಅದನ್ನು ನೋಡಿಯೇ ಕುಡಿಸುತ್ತಿದ್ದರು.

"ಬಿ.ಎಸ್ಸಿ. ಮೇಡಂ, ಇವತ್ತಾದ್ರೂ ಒಂದು ಮಾತಾಡ್ತೀರೋ, ಇಲ್ಲ ಅದಕ್ಕೂ ಡಾಕ್ಟ್ರೇ ಬರ್ದುಕೊಡಬೇಕೋ?"

ಜಯಪ್ಪನವರು ಔಷಧಿ ಅಳೆಯುವ ಔನ್ಸ್ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅದರಾಚೆಯಿಂದ ನನ್ನನ್ನೇ ನೋಡಿ ನಗುತ್ತಿದ್ದರು. ಗಾಜಿನೊಳಗಿಂದ ಆ ಕಣ್ಣು ಇನ್ನಷ್ಟು ದೊಡ್ಡದಾಗಿ ಕಾಣಿಸಿತು. ನಾನು ತಲೆ ತಗ್ಗಿಸಿದೆ. ಚೀಟಿ ಕತ್ತರಿಸಿದೆ. ಅಂಟಿಸಿದೆ. ಬಿಳಿಚೋಡಿನ ಹುಲಿಗೆಮ್ಮ, ನಾಯಿಕೆಮ್ಮು ಹಿಡಿದ ನಾಲ್ಕು ವರ್ಷದ ಮಗಳನ್ನು ಸೊಂಟಕ್ಕೇರಿಸಿಕೊಂಡು, ಆ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ ಬಸ್ಸಿಗೆ ಓಡಿದಳು.

ಎರಡು ಪಟ್ಟಿಗಳನ್ನು ಒಟ್ಟಿಗೆ ಮಡಿಸಿ ಜೋಡಿ ಚೀಟಿ ಕತ್ತರಿಸುವುದು ನನ್ನ ರೂಢಿ. ಮಧ್ಯಾಹ್ನ ಮೇಜು ಒರೆಸುವಾಗ ಆ ಜೋಡಿಯಲ್ಲಿ ಉಳಿದ ಚೀಟಿ ಕೈಗೆ ಸಿಕ್ಕಿತು. ಎಣಿಸಿದೆ. ನಾಲ್ಕು. ಮತ್ತೆ ಎಣಿಸಿದೆ. ನಾಲ್ಕೇ ಭಾಗ. ಒಂದು ಮಡಿಕೆ ಮರೆತಿದ್ದೆ.

ಚೀಟಿಯನ್ನು ಜಯಪ್ಪನವರ ಮುಂದೆ ಹಿಡಿದೆ. ಅವರ ಮುಖದ ನಗು ಯಾರೋ ಒರೆಸಿದಂತೆ ಮಾಯವಾಯಿತು.

"ಹುಲಿಗೆಮ್ಮನ ಬಾಟ್ಲಿಗೆ ಇಂಥದ್ದೇ ಅಂಟ್ಸಿದ್ರಾ? ಅದ್ರಾಗೆ ಬೆಲ್ಲಡೋನಾ ಟಿಂಚರ್ ಐತೆ ರೀ. ಹೊತ್ತಿಗೆ ಡಬಲ್ ಹೋಗತೈತೆ!"

ಬೆಲ್ಲಡೋನಾ ಹೆಚ್ಚಾದರೆ ಏನಾಗುತ್ತದೆಂದು ಅವರೇ ಹೇಳಿಕೊಟ್ಟಿದ್ದರು. ಮುಖ ಕೆಂಪೇರುತ್ತದೆ, ಕಣ್ಣಪಾಪೆ ಅಗಲವಾಗುತ್ತದೆ, ಮಗು ಬಡಬಡಿಸತೊಡಗುತ್ತದೆ. ಆಮೇಲೆ? ಆಮೇಲಿನದನ್ನು ನಾನು ಕೇಳಿರಲಿಲ್ಲ.

ಡಾಕ್ಟರು ಸಂಜೆಯವರೆಗೆ ದಾವಣಗೆರೆಯಲ್ಲಿದ್ದರು. ನಾವಿಬ್ಬರೂ ಬಿಳಿಚೋಡಿಗೆ ಹೋಗುವ ಮಧ್ಯಾಹ್ನ ಒಂದರ ಬಸ್ಸು ಹತ್ತಿದೆವು.

"ಏನ್ ಕಾಂಪೌಂಡ್ರೆ, ಜೋಡಿ ಮ್ಯಾಲೆ ಹೊಂಟೀರಿ!" ಕಂಡಕ್ಟರ್ ಕಣ್ಣು ಮಿಟುಕಿಸಿದ. ಬೇರೆ ದಿನವಾಗಿದ್ದರೆ ನಾನು ನಾಚಿಕೆಯಿಂದ ಬಸ್ಸಿಳಿದುಬಿಡುತ್ತಿದ್ದೆ. ಅವತ್ತು ಅದು ಕಿವಿಗೆ ಬಿದ್ದೂ ಬೀಳದಂತಿತ್ತು. ಬಸ್ಸು ಹಟ್ಟಿ ಹಟ್ಟಿಗೂ ನಿಂತಿತು. ಜಯಪ್ಪನವರು ಕಿಟಕಿಯಾಚೆಯೇ ನೋಡುತ್ತಿದ್ದರು. ಅವರ ಬೆರಳಿನ ಅಯೋಡಿನ್ ಕಲೆಯ ಮೇಲೆ ನನ್ನ ಕಣ್ಣು ನೆಟ್ಟಿತ್ತು. ಒಂದು ಸಲ, ಒಂದೇ ಒಂದು ಸಲ ನಕ್ಕರೆ ಸಾಕು, ಮಗುವಿಗೆ ಏನೂ ಆಗಿಲ್ಲವೆಂದು ನಂಬುತ್ತೇನೆ ಅನ್ನಿಸಿತು. ಅವರು ನಗಲಿಲ್ಲ.

ಹುಲಿಗೆಮ್ಮ ಹೊಸ್ತಿಲಲ್ಲೇ ಕುಳಿತಿದ್ದಳು. ಮಡಿಲಲ್ಲಿ ಮಗು. ಅದರ ಕೆನ್ನೆ ಕೆಂಪಾಗಿತ್ತು.

ಜಯಪ್ಪನವರು ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸಿ ರೆಪ್ಪೆ ಎತ್ತಿದರು.

"ಔಷ್ದಿ ಕುಡಿಸಿದ್ಯೇನವ್ವಾ?"

"ಬಂದ ಕೂಡ್ಲೆ ಒಂದು ಗೆರಿ ಕುಡಿಸ್ದೆ ಅಣ್ಣಾರೆ. ಗಂಟ್ಲಿಂದ ಇಳೀಲಿಲ್ಲ, ಕೆಮ್ಮಿ ಕೆಮ್ಮಿ ಅಷ್ಟೂ ಕಕ್ಕಿಬಿಟ್ಲು. ಅತ್ತೂ ಅತ್ತೂ ಈಗ ಮಕ್ಕಂಡ್ಳು. ಯಾಕ್ರೀ, ಏನಾತು?"

ಜಯಪ್ಪನವರು ಮಗುವಿನ ನಾಡಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಮಗು ಕಣ್ಣು ಬಿಟ್ಟು ಅವರ ಮೀಸೆ ಎಳೆಯಿತು. ಆಗಷ್ಟೇ ಅವರು ಉಸಿರು ಬಿಟ್ಟರು.

"ಚೀಟಿ ತಪ್ಪಾಗೈತೆ, ಬೇರೆ ಅಂಟಸ್ತೀವಿ." ನನ್ನತ್ತ ಕೈಚಾಚಿದರು. "ಕಾಗದ ಐತಾ?"

ಚೀಲದಲ್ಲಿ ಇದ್ದದ್ದು ನನ್ನ ಡೈರಿ ಮಾತ್ರ. ಒಂದು ಹಾಳೆ ಹರಿದು ಪಟ್ಟಿ ಮಾಡಿದೆ. ಮೂರು ಸಲ ಮಡಿಸಿ, ಕತ್ತರಿ ಇಲ್ಲದೆ ಉಗುರಿನಿಂದಲೇ ಚಿವುಟಿದೆ. ಹಳೆಯ ಚೀಟಿ ಕಿತ್ತು, ಹುಲಿಗೆಮ್ಮ ಕೊಟ್ಟ ಗಂಜಿಯನ್ನು ಸವರಿ ಬಾಟಲಿಗೆ ಅಂಟಿಸಿದೆ. ಅವಸರದಲ್ಲಿ, ಹಾಳೆಯ ಬರೆದಿದ್ದ ಬದಿಯೇ ಗಾಜಿಗೆ ಬಂದದ್ದು ಗಮನಕ್ಕೆ ಬರಲಿಲ್ಲ.

"ಮೇಲಿನ ಎರಡು ಭಾಗ ಖಾಲಿ. ಉಳಿದದ್ದು ಆರು," ಎನ್ನುತ್ತಾ ಜಯಪ್ಪನವರು ಬಾಟಲಿಯನ್ನು ಬಿಸಿಲಿಗೆ ಎತ್ತಿ ಹಿಡಿದರು. ಔಷಧಿಯ ತಿಳಿಗೆಂಪಿನೊಳಗಿಂದ ನನ್ನದೇ ಅಕ್ಷರಗಳು ದಪ್ಪಗೆ ಕಾಣುತ್ತಿದ್ದವು. ಅವರು ಬಾಟಲಿಯನ್ನು ಅಡ್ಡ ಹಿಡಿದರು. ಓದಿದರು. ಹುಲಿಗೆಮ್ಮನ ಕೈಗಿಟ್ಟರು.

ಹಿಂದಿರುಗುವ ಬಸ್ಸಿನಲ್ಲಿ ಮೆಲ್ಲಗೆ, "ಡಾಕ್ಟ್ರಿಗೆ ನಾನೇ ಕತ್ತರ್ಸಿದ್ದು ಅಂತೀನಿ. ನೀವು ಸುಮ್ನಿರ್ರಿ," ಎಂದರು.

"ಬ್ಯಾಡ್ರೀ. ನಿಮ್ಮ ಕೆಲ್ಸ ಹೋಗತೈತೆ."

ನಾನು ಅವರೊಡನೆ ಆಡಿದ ಮೊದಲ ಪೂರ್ತಿ ಮಾತು ಅದು.

ಸಂಜೆ ಡಾಕ್ಟರು ಚಪ್ಪಲಿ ಬಿಡುವ ಮೊದಲೇ ತಪ್ಪು ನನ್ನದೆಂದು ಹೇಳಿಬಿಟ್ಟೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ಮಗು ಬದುಕಿದ್ದು ನಿನ್ನ ಪುಣ್ಯ ಕಣಮ್ಮ. ನಾಳೆಯಿಂದ ನೀನು ಕತ್ತರಿಸು, ಜಯಪ್ಪ ಎಣಿಸ್ಲಿ. ಎಣಿಸದೆ ಒಂದು ಬಾಟ್ಲಿ ಬಾಗಿಲು ದಾಟಬಾರ್ದು." ಅಷ್ಟೇ ಹೇಳಿ ಒಳಗೆ ಹೋದರು. ಆ ರಾತ್ರಿ ಡೈರಿಯಲ್ಲಿ ಒಂದಕ್ಷರವನ್ನೂ ಬರೆಯಲಾಗಲಿಲ್ಲ.

ಮೂರನೆಯ ದಿನ ಹುಲಿಗೆಮ್ಮ ಅದೇ ಬಾಟಲಿ ತಂದಳು. ಮಗು ಅವಳ ಸೊಂಟದ ಮೇಲೆ ಬೆಲ್ಲ ಚೀಪುತ್ತಿತ್ತು. ಜಯಪ್ಪನವರು ಬಾಟಲಿಯನ್ನು ನೀರಿನಲ್ಲಿ ಅದ್ದಿ ಚೀಟಿಯನ್ನು ಹರಿಯದಂತೆ ಬಿಡಿಸಿದರು. ಮುಲಾಮು ಕಲಸುವ ಬಿಳಿ ಕಲ್ಲಿನ ಮೇಲೆ ಹರಡಿ, ಹತ್ತಿಯಿಂದ ಒತ್ತಿ ಒಣಗಿಸಿದರು. ನನ್ನ ಡೈರಿಯ ಬಾಲ್‌ಪೆನ್ನಿನ ಸಾಲು ಅಳಿಸಿಹೋಗಿರಲಿಲ್ಲ: *ಅವರು ನಕ್ಕರೆ ನನಗೇಕೆ ಇಷ್ಟು ಭಯ?*

"ಇದನ್ನ ಎಸೆಯಾಕಿಲ್ಲ ನಾನು," ಎಂದು ಅಂಗಿಯ ಜೇಬಿಗೆ ಇಳಿಸಿದರು. ಆಮೇಲೆ ನನ್ನನ್ನು ನೋಡದೆ, ಔನ್ಸ್ ಗ್ಲಾಸನ್ನೇ ನೋಡುತ್ತಾ, "ಈಗ್ಲೂ ಭಯ ಆಗತೈತೇನ್ರೀ?" ಎಂದು ಕೇಳಿದರು.

ತಲೆ ತಗ್ಗಿಸದೆ ಹೇಳಿದೆ.

"ಆಗತೈತೆ. ಆದ್ರೆ ನಗದೇ ಇದ್ರೆ ಅದಕ್ಕಿಂತ ಭಯ. ಅವತ್ತು ಬಸ್ಸಿನಾಗೆ ಗೊತ್ತಾತು."

ಅವರು ತಲೆ ಎತ್ತಿದರು. ಮೊದಲು ಕಣ್ಣಿಗೆ, ಆಮೇಲೆ ಮೀಸೆಯಡಿಗೆ ನಗು ಬಂತು.

ಈ ಸಲ ನಾನು ಮೊದಲು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟೆ; ಆಮೇಲೆ ಅವರತ್ತ ನೋಡಿದೆ.