ಮೇಯರ್ ಬಾಯಾರು ಕೇಳಿದ ಮೂಲಚಿತ್ರ

ಊರವರೆಲ್ಲ ಗೌರವದಿಂದ ‘ಬಾಯಾರು’ ಎಂದು ಕರೆಯುವ ಹುಬ್ಬಳ್ಳಿಯ ಮೇಯರ್ ಸುಮಂಗಲಾ ಅಕ್ಕಿವಳ್ಳಿಯವರು ಬೆಳಗಿನ ಚಹಾ ಕುಡಿಯುತ್ತ ಹಿತಹಾಳೆಯನ್ನು ಬಿಚ್ಚಿದರು. ಕರವಸ್ತ್ರದಷ್ಟು ತೆಳುವಾದ, ಸುರುಳಿ ಸುತ್ತಿದರೆ ಪೆನ್ನಿನಷ್ಟಾಗುವ ಆ ಹಾಳೆ ಅವರ ಹೆಬ್ಬೆರಳಿನ ಬಿಸುಪು ತಾಕಿದ ಕೂಡಲೇ ಎಚ್ಚರಗೊಂಡಿತು. ಮೇಲಿನ ಮೂಲೆಯಲ್ಲಿ ಎಂದಿನಂತೆ ‘ಮುಂಗೋಳಿ’ ಪತ್ರಿಕೆಯ ವ್ಯಂಗ್ಯಚಿತ್ರ ಮೂಡತೊಡಗಿತು. ಮೊದಲ ಗೆರೆ ಕಾಣುವಷ್ಟರಲ್ಲೇ ಹಾಳೆ ಅವರ ನಾಡಿ ಓದಿತ್ತು, ಬೆರಳ ತುದಿಯ ಬೆವರು ಅಳೆದಿತ್ತು, ಕಣ್ಣಪಾಪೆ ಎಷ್ಟು ಹಿಗ್ಗಿತೆಂದು ನೋಡಿತ್ತು. ಸಿಟ್ಟೆನ್ನುವುದು ಮನಸ್ಸಿಗೆ ತಿಳಿಯುವ ಒಂದು ಚೂರು ಮೊದಲೇ ಮೈಗೆ ತಿಳಿದಿರುತ್ತದೆ. ಆ ಚೂರು ಹೊತ್ತಿನ ಸಂದಿಯಲ್ಲೇ ಹಾಳೆಯ ಕೆಲಸ. ಒಂದು ಗೆರೆ ಮೆಲ್ಲಗೆ ಬಾಗಿತು, ಒಂದು ಹುಬ್ಬು ಸಡಿಲಾಯಿತು, ಎಲ್ಲೋ ಏನೋ ಅಳಿಸಿ ಇನ್ನೇನೋ ಚಿಗುರಿತು.

ಮೇಯರ್ ಚಿತ್ರ ನೋಡಿ ಮನಸಾರೆ ನಕ್ಕರು. ಎಷ್ಟು ಇಷ್ಟವಾಯಿತೆಂದರೆ, ತಮ್ಮ ಹಾಳೆಯಲ್ಲಿ ಮೂಡಿದ್ದರ ಅಚ್ಚುಪ್ರತಿಯನ್ನೇ ಪತ್ರಿಕೆಗೆ ಕಳಿಸಿ, ಅಲ್ಲಿಯ ವ್ಯಂಗ್ಯಚಿತ್ರಕಾರ ವಿರೂಪಾಕ್ಷ ಹೂಲಿಯವರು ಕೈಯಾರೆ ಬರೆದ ಮೂಲಚಿತ್ರ ತಮಗೆ ಬೇಕು, ನಡುಮನೆಯ ಗೋಡೆಗೆ ಹಾಕಿಸುತ್ತೇನೆ ಎಂದು ಹೇಳಿಕಳಿಸಿದರು.

ವ್ಯಂಗ್ಯಚಿತ್ರ ಬರೆಯುವವರ ಲೋಕದಲ್ಲಿ ಇದೊಂದು ಹಳೆಯ ರೂಢಿ. ಯಾರನ್ನು ಗೇಲಿ ಮಾಡಿದ್ದಾರೋ ಅವರೇ ಮೂಲಚಿತ್ರ ಕೇಳುವುದು. ಬರೆದವರು ಕೆಳಗೆ ಸಹಿ ಹಾಕಿ, ಅವರ ಮನೆಗೇ ಹೋಗಿ ಕೊಟ್ಟು, ಚಹಾ ಕುಡಿದು ಬರುವುದು. ಏಟು ತಿಂದವರು ಏಟು ಕೊಟ್ಟವರನ್ನು ಮನೆಗೆ ಕರೆಯುವ ಈ ರೂಢಿಗಿಂತ ದೊಡ್ಡ ಬಹುಮಾನ ಆ ಕಸುಬಿನಲ್ಲಿ ಇನ್ನೊಂದಿರಲಿಲ್ಲ. ಆದರೆ ಈ ಕತೆ ನಡೆಯುವ ಹೊತ್ತಿಗೆ ಕಾಗದದ ಪತ್ರಿಕೆ ಮಿರ್ಚಿ ಕಟ್ಟಿಕೊಡುವುದಕ್ಕೂ ಸಿಗುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಹಿತಹಾಳೆ. ಮೂಲಚಿತ್ರ ಕೇಳುವುದನ್ನೇ ಜನ ಮರೆತಿದ್ದರು.

ಅದಕ್ಕೇ ಮೇಯರರ ಮಾತು ಕೇಳಿ, ಅವರು ಕಳಿಸಿದ ಪ್ರತಿಗೂ ಮೂಲಕ್ಕೂ ಹೊಂದಿಕೆಯಿಲ್ಲದ್ದು ಕಂಡು ಮುಂಗೋಳಿಯ ಸಂಪಾದಕರು ಕಂಗಾಲಾದರು. ಅವರು ನೇರ ಓಡಿದ್ದು ಹಿತಹಾಳೆಯನ್ನು ಕಂಡುಹಿಡಿದ ತಬಸ್ಸುಮ್ ನದಾಫಳ ಪ್ರಯೋಗಶಾಲೆಗೆ.

ತಬಸ್ಸುಮ್ ಆ ಹಾಳೆಯನ್ನು ಮಾಡಿದ್ದು ಹೆಸರಿನ ಆಸೆಗಲ್ಲ. ಅವಳ ಅಬ್ಬಾ ಮುಂಗೋಳಿಯ ಮುದ್ರಣಯಂತ್ರ ನೋಡಿಕೊಳ್ಳುತ್ತಿದ್ದವರು. ಅವಳಿನ್ನೂ ಫ್ರಾಕು ತೊಡುವ ವಯಸ್ಸಿನಲ್ಲಿದ್ದಾಗ ವಿರೂಪಾಕ್ಷ ಹೂಲಿಯವರ ಚಿತ್ರವೊಂದಕ್ಕೆ ಕೆರಳಿದ ಗುಂಪು ಕಚೇರಿಗೆ ಕಲ್ಲು ತೂರಿತು. ಬಾಗಿಲು ಹಾಕಲು ಓಡಿದ ಅಬ್ಬಾನ ಹಣೆ ಒಡೆಯಿತು. ಹೂಲಿಯವರೇ ಅವರನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದರು. ಅಬ್ಬಾ ಉಳಿದರು, ಹುಡುಗಿಯ ಎದೆಯಲ್ಲಿ ಅಳುಕೂ ಉಳಿಯಿತು. ಚಿತ್ರವೂ ಇರಬೇಕು, ಕಲ್ಲೂ ಬೀಳಬಾರದು. ಅವಳು ಬಯಸಿದ್ದು ಇಷ್ಟೇ.

ಮತ್ತು ಕಲ್ಲುಗಳು ನಿಜಕ್ಕೂ ನಿಂತವು. ಸರ್ಕಾರ ಮೆಚ್ಚಿ ‘ಮನನೋವು ತಡೆ ಕಾಯಿದೆ’ ತಂದಿತು. ಹಿತಹಾಳೆಗೆ ಯಾರು ಏನು ಬರೆದರೂ ತಪ್ಪಿಲ್ಲ, ಅದರಿಂದ ಯಾರಿಗೂ ನೋವಾಗುವುದಿಲ್ಲವಲ್ಲ. ಆದರೆ ಬರಿಯ ಕಾಗದದಲ್ಲಿ ಬರೆದು ಇನ್ನೊಬ್ಬರ ಕೈಗಿಟ್ಟು, ಅವರು ನೊಂದು ದೂರು ಕೊಟ್ಟರೆ ಸೆರೆಮನೆ. ಏನು ಬೇಕಾದರೂ ಬರೆಯಬಹುದಾದ ಇಂಥ ಕಾಲ ಹಿಂದೆಂದೂ ಇರಲಿಲ್ಲವೆಂದು ಜನ ಹೆಮ್ಮೆಪಡುತ್ತಿದ್ದರು.

ಸಂಪಾದಕರು ಕೇಳಿದ್ದು ಒಂದು ಸಣ್ಣ ಉಪಕಾರ. ಮೇಯರರು ಕಂಡ ಚಿತ್ರವನ್ನೇ ಕೈಯಲ್ಲಿ ಬರೆದಂತೆ ಕಾಗದಕ್ಕಿಳಿಸಿ ಕೊಡಬೇಕು, ಹೂಲಿಯವರಿಂದ ಸಹಿ ಹಾಕಿಸಬೇಕು, ಮುಗಿಯಿತು. ಅವರು ಮೂಲ, ಪ್ರತಿ ಎರಡನ್ನೂ ಇಟ್ಟು ಹೋದ ಮೇಲೆ ತಬಸ್ಸುಮ್ ಪಕ್ಕಪಕ್ಕ ಹರಡಿ ನೋಡಿದಳು.

ಹೂಲಿಯವರು ಬರೆದದ್ದು ಹೀಗಿತ್ತು: ಹಳೇ ಹುಬ್ಬಳ್ಳಿಯ ಹೆರಿಗೆ ಆಸ್ಪತ್ರೆ. ಗೇಟಿಗೆ ಕುಂಬಳಕಾಯಿ ಗಾತ್ರದ ಬೀಗ. ಮುಂದೆ ಕುರ್ಚಿಯಲ್ಲಿ ಮೇಯರ್ ಗೊರಕೆ ಹೊಡೆಯುತ್ತಿದ್ದಾರೆ, ಸೆರಗಿನ ತುದಿಗೆ ಬೀಗದಕೈ. ಶಾಲೆಯ ಚೀಲ ಹೊತ್ತ ಹುಡುಗನೊಬ್ಬ ಗೆಳೆಯನಿಗೆ ಹೇಳುತ್ತಾನೆ: ‘ನಾ ಹುಟ್ಟಬೇಕಾಗಿದ್ದು ಇಲ್ಲೇ ಅಂತ. ನಮ್ಮವ್ವ ಇನ್ನೂ ಪಾಳಿಯೊಳಗ ನಿಂತಾಳ.’

ಮೇಯರ್ ಕಂಡ ಚಿತ್ರದಲ್ಲಿ ಬೀಗವಿರಲಿಲ್ಲ, ಮಾವಿನ ತೋರಣವಿತ್ತು. ಮೇಯರ್ ಎದ್ದು ನಿಂತು ಕೂಸೊಂದನ್ನು ಎತ್ತಿಕೊಂಡಿದ್ದರು. ಹುಡುಗ ‘ನಮ್ಮ ಬಾಯಾರ ಕಟ್ಟಿಸಿದ ದವಾಖಾನಿ’ ಎಂದು ಕೈ ತೋರಿಸುತ್ತಿದ್ದ.

ಹುಬ್ಬು ಸಡಿಲಿಸು, ಅರ್ಥ ಮುಟ್ಟಬೇಡ. ಹಾಳೆಗೆ ಅವಳು ಕಲಿಸಿದ ಮೊದಲ ಪಾಠವೇ ಇದು. ಆದರೆ ಹಾಳೆ ಓದುಗರ ಸಂತೋಷ ನೋಡಿ ತಾನೇ ಕಲಿಯುತ್ತ ಹೋಗುವಂಥದ್ದು. ವರ್ಷದಿಂದ ವರ್ಷಕ್ಕೆ ಒಂದೊಂದು ಎಳೆಯಷ್ಟೇ ಸರಿಯುತ್ತ ಅದು ಎಲ್ಲಿಗೆ ಬಂದು ನಿಂತಿತ್ತು! ಒಬ್ಬರ ಹಾಳೆ ಇನ್ನೊಬ್ಬರ ಕೈಗೆ ಬಂದರೆ ಅವರಿಗೆ ತಕ್ಕಂತೆ ಬದಲಾಗಿಬಿಡುತ್ತದೆ. ಹೀಗಾಗಿ ಒಬ್ಬರು ಕಂಡದ್ದನ್ನು ಇನ್ನೊಬ್ಬರು ಕಂಡೇ ಇರಲಿಲ್ಲ. ಅವಳ ಅಜ್ಜಿ ದಾದಿಮಾ ಹೇಳುತ್ತಿದ್ದ ಕತೆಯೊಂದರಲ್ಲಿ ಒಬ್ಬ ರಾಣಿ ಅರಮನೆಯ ಬಾಗಿಲುಗಳಿಗೆಲ್ಲ ಜೇನು ಸವರಿಸಿದ್ದಳು, ಯಾರ ಮಾತೇ ಆಗಲಿ ಸಿಹಿಯಾಗಿ ಒಳಗೆ ಬರಲೆಂದು. ಬೆಂಕಿ ಬಿದ್ದ ದಿನ ಕಾವಲುಗಾರನ ಕೂಗು ಜೋಗುಳವಾಗಿ ಒಳಗೆ ಬಂತು. ರಾಣಿ ಮಗ್ಗುಲು ಬದಲಿಸಿ ಮಲಗಿದಳು.

ಸಂಜೆ ಅವಳು ಹೂಲಿಯವರ ಮನೆಗೆ ಹೋದಾಗ ಅಲ್ಲಿ ಹಬ್ಬ. ಸುದ್ದಿ ಹೇಗೋ ಮುಟ್ಟಿಬಿಟ್ಟಿತ್ತು. ಹೆಂಡತಿ ನೀಲಕ್ಕ ಶಿರಾ ಮಾಡಿದ್ದರು. ಮುದುಕ ಹಳೆಯ ಕೋಟಿಗೆ ತಾವೇ ಇಸ್ತ್ರಿ ಹಾಕುತ್ತಿದ್ದರು.

“ಬಾರವ್ವಾ ತಂಗಿ. ಕೇಳಿದ್ಯಾ? ಇಷ್ಟು ಬರದ್ರೂ ಈಕಿಗೆ ಸಿಟ್ಟ ಬರವಲ್ದು, ಎಂಥಾ ದಪ್ಪ ಚರ್ಮ ಅಂತ ನಾ ಬೈಕೋತ ಇದ್ದೆ. ನೋಡು, ದೊಡ್ಡ ಮನಸು. ಕೀಲಿ ಹಾಕಿದ ದವಾಖಾನಿ ಚಿತ್ರ ಮನ್ಯಾಗ ತೂಗಹಾಕ್ತಾಳಂತ.”

ತಬಸ್ಸುಮ್ ಮಾತಾಡದೆ ಎರಡೂ ಚಿತ್ರ ಮುಂದಿಟ್ಟಳು. ಹೂಲಿಯವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಇಸ್ತ್ರಿಪೆಟ್ಟಿಗೆ ಕೋಟಿನ ತೋಳನ್ನು ಸುಡುತ್ತಿದ್ದದ್ದು ನೀಲಕ್ಕ ಬಂದು ಎತ್ತಿದ ಮೇಲೇ ಅವರಿಗೆ ತಿಳಿದದ್ದು.

“ಮೆದು ಮಾಡ್ತದ ಅನ್ನೋದು ಗೊತ್ತಿತ್ತು ತಂಗಿ. ಬ್ಯಾರೇನs ಮಾಡ್ತದ ಅಂತ ಗೊತ್ತಿರಲಿಲ್ಲ.”

“ನನಗೂ ಗೊತ್ತಿರಲಿಲ್ಲ ಕಾಕಾ.”

ಆಮೇಲೆ ಅವಳಿಗೊಂದು ಸಂಶಯ ಬಂತು. ತನ್ನ ಮೇಲೆ ಎಂದಾದರೂ ಬರೆದಿದ್ದೀರಾ ಎಂದು ಕೇಳಿದಳು. ಹೂಲಿಯವರು ತುಸು ನಾಚಿಕೊಂಡೇ ಅಟ್ಟದಿಂದ ಒಂದು ಕಾಗದ ತೆಗೆದರು. ನದಾಫರ ಮನೆತನದ ಕಸುಬು ಹತ್ತಿ ಹಿಂಜುವುದು. ಚಿತ್ರದಲ್ಲಿ ತಬಸ್ಸುಮ್ ಹತ್ತಿ ಹಿಂಜುವ ಬಿಲ್ಲು ಹಿಡಿದು ಕೂತಿದ್ದಳು. ಹಿಂಜಿದ ಅರಳೆಯನ್ನು ಇಡೀ ಊರು ಸಾಲುಗಟ್ಟಿ ನಿಂತು ಕಿವಿಗೆ ತುರುಕಿಸಿಕೊಳ್ಳುತ್ತಿತ್ತು. ಅವಳಿಗೆ ನೆನಪಾಯಿತು. ಆ ಚಿತ್ರವನ್ನು ಅವಳು ಹಾಳೆಯಲ್ಲಿ ನೋಡಿದ್ದಳು. ಅದರಲ್ಲಿ ಊರಿನವರು ಅವಳ ಅರಳೆಯಿಂದ ಮಾಡಿದ ಗಾದಿಯ ಮೇಲೆ ಸುಖವಾಗಿ ಮಲಗಿದ್ದರು. ಅಬ್ಬಾನಿಗೆ ತೋರಿಸಿ ಹಿಗ್ಗಿದ್ದಳು.

ಈಗ ಅವಳ ಕಿವಿ ಬಿಸಿಯಾಯಿತು, ಕಣ್ಣು ತುಂಬಿತು. ಆಶ್ಚರ್ಯವೆಂದರೆ ಅದರ ಬೆನ್ನಿಗೇ ಒಂದು ಹಗುರ ಬಂತು. ಅಷ್ಟು ವರ್ಷಗಳ ಹಿಂದೆಯೇ ಒಬ್ಬರು ತನ್ನ ತೋಳು ಹಿಡಿದು ಜಗ್ಗಿ ಹೇಳಿದ್ದರಲ್ಲ ಅನ್ನುವ ಹಗುರ.

“ನಕಲು ಬ್ಯಾಡ ಕಾಕಾ. ಆದ್ರ ಇದನ್ನ ಕೊಟ್ಟರ ಬಾಯಾರು ದೂರು ಕೊಡಬಹುದು. ನಿಮ್ಮ ವಯಸ್ಸಿನ್ಯಾಗ ಜೈಲು…”

“ನಿನ್ನ ಹಾಳಿ ಬಂದಾಗಿಂದ ನಮ್ಮಾಕಿ ನೀಲವ್ವ ಕಲ್ಲಿನ ಅಂಜಿಕಿ ಇಲ್ದ ನಿದ್ದಿ ಮಾಡ್ಯಾಳ, ಅದರ ಋಣ ನನ್ನ ಮ್ಯಾಲೆ ಐತಿ,” ಎಂದರು ಹೂಲಿ. “ಆದ್ರ ಕೇಳಿದವರಿಗೆ ಅಸಲು ಕೊಡಬೇಕಾಗ್ತದ. ಅದು ನಮ್ಮ ಕಸುಬಿನ ಮರ್ಯಾದಿ.”

ನೀಲಕ್ಕ ಸುಟ್ಟ ತೋಳಿನ ಕೋಟನ್ನು ಮಡಿಸಿಟ್ಟು ಬೇರೊಂದು ಅಂಗಿ ತಂದುಕೊಟ್ಟರು.

ಮರುದಿನ ಬೆಳಿಗ್ಗೆ ಇಬ್ಬರೂ ಮೇಯರರ ಮನೆಗೆ ಹೋದರು. ಗೋಡೆಗೆ ಮೊಳೆ ಹೊಡೆದು, ಗಾಜಿನ ಚೌಕಟ್ಟು ತರಿಸಿ, ಚಹಾದ ಜೊತೆಗೆ ಮಂಡಕ್ಕಿ ಗಿರಮಿಟ್ಟು ಮಾಡಿಸಿ ಸುಮಂಗಲಾ ಕಾಯುತ್ತಿದ್ದರು. ಎರಡನೆಯ ಸಲ ಆರಿಸಿ ಬಂದ ಗಟ್ಟಿ ಹೆಂಗಸು, ಬಾಯಿತುಂಬ ಮಾತು. ಹೂಲಿಯವರ ಕೈ ಎಷ್ಟು ಮೃದು ಎಂದು ಹೊಗಳುತ್ತಲೇ ಅವರು ಕಾಗದ ಬಿಚ್ಚಿದರು.

ಮೇಯರ್ ಕಾಗದವನ್ನು ಹೆಬ್ಬೆರಳಿನಿಂದ ಒತ್ತಿದರು, ಅದು ಬದಲಾಗಲೆಂದು ಕಾಯುವವರಂತೆ. ಕಾಗದ ಬದಲಾಗಲಿಲ್ಲ. ಅವರ ಮುಖ ಕೆಂಪೇರಿತು. ತಬಸ್ಸುಮ್ ಹಾಳೆಯ ಕೆಲಸವನ್ನೆಲ್ಲ ಬಿಡಿಸಿ ಹೇಳಿದಳು, ತಪ್ಪು ತನ್ನ ಯಂತ್ರದ್ದು, ಹೂಲಿಯವರದ್ದಲ್ಲ ಎಂದಳು.

“ಯಾವುದು ಖರೇ?” ಎಂದರು ಮೇಯರ್.

“ಚಿತ್ರ ಇದs ಖರೇ ಬಾಯಾರ,” ಎಂದರು ಹೂಲಿ. “ದವಾಖಾನಿದು ನೀವs ಹೋಗಿ ನೋಡ್ರಿ.”

ಮೇಯರ್ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಆಸ್ಪತ್ರೆಯ ರಿಬ್ಬನ್ ಕತ್ತರಿಸಿ ಹೋದವರು ಮತ್ತೆ ಆ ಕಡೆ ಹಾಯ್ದಿರಲಿಲ್ಲ. ಅಧಿಕಾರಿಗಳ ವರದಿ, ಊರಿನವರ ಮನವಿ ಎಲ್ಲವೂ ಅವರಿಗೆ ಹಿತಹಾಳೆಯಲ್ಲೇ ಬರುತ್ತಿದ್ದವು.

ಗೇಟಿನ ಬೀಗ ತುಕ್ಕು ಹಿಡಿದಿತ್ತು. ಹೂಲಿಯವರು ಬರೆದಷ್ಟು ದೊಡ್ಡದಿರಲಿಲ್ಲ, ಅಷ್ಟೇ. ಗೇಟಿನ ಮುಂದಿನ ಕಟ್ಟೆಯ ಮೇಲೆ ಓಣಿಯ ಹೆಂಗಸರು ಶಾವಿಗೆ ಒಣಹಾಕಿದ್ದರು. ಅವರಲ್ಲೊಬ್ಬ ಹಿರಿಯಳು ಮೇಯರರನ್ನು ಗುರುತಿಸಿ ಎದ್ದು ಬಂದಳು. ಅವಳ ಮುಖದಲ್ಲಿ ಸಿಟ್ಟೇ ಇರಲಿಲ್ಲ.

“ಬಂದ್ರ್ಯಾ ಬಾಯಾರ? ನಮ್ಮ ಅರ್ಜಿ ಮುಟ್ಟಿತೇನ್ರೀ? ನನ್ನ ಸೊಸಿ ಆಟೋದಾಗ ಹಡದ್ಲು, ಪುಣ್ಯಾಕ ಎರಡೂ ಜೀವ ಉಳದ್ವು. ಬಾಜೂ ಮನೀ ಕೂಸು ಉಳೀಲಿಲ್ಲ. ಎಲ್ಲಾ ಬರದು ಕಳಿಸಿದ್ವಿ.”

ಮೇಯರರಿಗೆ ಆ ಅರ್ಜಿ ನೆನಪಿತ್ತು. ಹಳೇ ಹುಬ್ಬಳ್ಳಿಯ ತಾಯಂದಿರು ಕೃತಜ್ಞತೆ ಹೇಳಿ ಬರೆದ ಪತ್ರವೆಂದು ಅದನ್ನು ಅವರು ಸಭೆಯಲ್ಲಿ ಓದಿಸಿದ್ದರು. ಅವರು ಶಾವಿಗೆಯ ಪಕ್ಕ ಕಟ್ಟೆಯ ಮೇಲೆಯೇ ಕೂತುಬಿಟ್ಟರು.

“ಇಷ್ಟು ವರ್ಷ ನನಗ ಯಾರೂ ಬೈಲಿಲ್ಲ,” ಎಂದರು ಬೀಗವನ್ನೇ ನೋಡುತ್ತ. “ಛಲೋ ನಡಸೀನಿ ಅಂತ ತಿಳಕೊಂಡಿದ್ದೆ.”

“ಬೈಯಾಕತ್ತಿದ್ರು ಬಾಯಾರ,” ಎಂದರು ಹೂಲಿ ಮೆಲ್ಲಗೆ. “ನಿಮಗ ಮುಟ್ಟಲಿಲ್ಲ.”

ಮೇಯರ್ ಅವರ ಕಡೆ ತಿರುಗಿದರು.

“ನೋವಾಗೇತಿ ಹೂಲಿಯವರ, ಸುಳ್ಳು ಹೇಳಂಗಿಲ್ಲ. ಆದ್ರ ದೂರು ಕೊಡಂಗಿಲ್ಲ. ಯಾರರ ಕೊಟ್ರ, ಕೋರ್ಟಿಗೆ ಬಂದು ನಿಮ್ಮ ಪರ ನಾನs ನಿಂದರ್ತೀನಿ. ಈಕಿಗೆ ಹೇಳಿ ಏನು ಉಪಯೋಗ ಅಂತ ನೀವು ಬರಿಯೋದs ಬಿಟ್ಟಿದ್ರ ನಾ ಇಲ್ಲಿಗೆ ಬರ್ತಿರಲಿಲ್ಲ.”

ಮೂಲಚಿತ್ರ ನಡುಮನೆಯ ಗೋಡೆಗೇ ಹೋಯಿತು. ಆಸ್ಪತ್ರೆ ಒಂದೇ ದಿನಕ್ಕೆ ತೆರೆಯಲಿಲ್ಲ. ವೈದ್ಯರು ಬರಬೇಕಿತ್ತು, ವಿದ್ಯುತ್ ಬರಬೇಕಿತ್ತು, ಬೀಗ ಹಾಕಿಸಿದವರು ಉತ್ತರ ಕೊಡಬೇಕಿತ್ತು. ಆದರೆ ಮುಂಗಾರು ಮುಗಿಯುವ ಮೊದಲು ಅಲ್ಲಿ ಕೂಸಿನ ಅಳು ಕೇಳಿತು. ತಬಸ್ಸುಮ್ ಹಾಳೆಯ ಕಲಿಕೆಯನ್ನು ಬೇರು ಸಹಿತ ಕಿತ್ತಳು. ಇನ್ನು ಮೇಲೆ ಬರೆದದ್ದು ಬರೆದ ಹಾಗೆಯೇ ಎಲ್ಲರಿಗೂ ಕಾಣಬೇಕು. ಮೆದುವಾಗಿಯೇ ಬೇಕೆನ್ನುವವರಿಗೆ ‘ಇದು ಮೆದು ಮಾಡಿದ್ದು’ ಎಂದು ಹಾಳೆ ಹೇಳಿಯೇ ತೋರಿಸಬೇಕು. ಬಹಳ ಮಂದಿ ಹಾಳೆಯನ್ನು ಮರಳಿಸಿದರು, ಅವಳನ್ನು ಶಪಿಸಿದರು. ಮನನೋವು ಕಾಯಿದೆ ಇನ್ನೂ ಇದ್ದಲ್ಲೇ ಇತ್ತು. ರಾತ್ರಿ ಮಲಗುವಾಗ ಅಬ್ಬಾನ ಹಣೆಯ ಗಾಯ ಅವಳಿಗೆ ನೆನಪಾಗುತ್ತಿತ್ತು.

ಅಂಥ ದಿನಗಳಲ್ಲೇ ಒಂದು ಮುಂಜಾನೆ ಅವಳು ಮುಂಗೋಳಿಯ ಕಚೇರಿಯಲ್ಲಿ ಹೂಲಿಯವರೊಂದಿಗೆ ಕೂತಿದ್ದಾಗ ಗುರುಬಾಯಿ ಸಂಗಳದ ಎನ್ನುವ ನಿವೃತ್ತ ಶಿಕ್ಷಕಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಆಸ್ಪತ್ರೆಗೆ ಹೋಗುವ ಆಂಬ್ಯುಲೆನ್ಸಿನ ಸದ್ದಿಗೆ ತಮ್ಮ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಅರ್ಜಿ ಬರೆದವರನ್ನು ಹೂಲಿಯವರು ಅಂದು ಗೇಲಿ ಮಾಡಿದ್ದರು. ಅರ್ಜಿಯ ಮೊದಲ ಸಹಿ ಈ ಅಮ್ಮನದೇ. ಅವರು ನಿಂತಲ್ಲೇ ಹೂಲಿಯವರನ್ನು ತರಗತಿಯ ಹುಡುಗನನ್ನು ಬೈದಂತೆ ಬೈದರು. ತಮ್ಮ ಮೂಗು ಅಷ್ಟು ಉದ್ದವಿಲ್ಲ, ರಕ್ತದೊತ್ತಡ ಇರುವವರ ಸಂಕಟ ಚಿತ್ರ ಬರೆಯುವವರಿಗೇನು ಗೊತ್ತು ಎಂದರು. ಹೂಲಿಯವರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಚಹಾ ತರಿಸಿದರು. ಎಷ್ಟೋ ವರ್ಷಗಳ ಮೇಲೆ ಸಿಟ್ಟಿಗೆದ್ದು ಬಂದ ಮೊದಲ ಓದುಗರು ಅವರು. ಮುದುಕನ ಮುಖ ಮದುವೆಯ ಮನೆಯಂತಾಗಿತ್ತು.

ಹೂಲಿಯವರು ಮೂಗಿನ ವಿಷಯ ಒಪ್ಪಿದರು. ನಿದ್ದೆಯ ವಿಷಯ ಒಪ್ಪಲಿಲ್ಲ. ಚಹಾ ಮುಗಿದರೂ ವಾದ ಮುಗಿಯಲಿಲ್ಲ. ಕೊನೆಗೆ ಗುರುಬಾಯಿ ಎದ್ದು ಸೆರಗು ಸರಿಪಡಿಸಿಕೊಂಡು ತಬಸ್ಸುಮಳ ಕಡೆ ತಿರುಗಿದರು.

“ಈ ಚಿತ್ರ ನಮ್ಮ ಎದುರು ಮನಿಯಾಕಿಗೂ ಹಿಂಗs ಕಂಡಿರ್ತದೇನವಾ? ಇದs ಮೂಗು, ಇದs ಮಾತು?”

“ಹೌದ್ರೀ. ಎಲ್ಲಾರಿಗೂ ಒಂದs.”

“ಹಂಗಾರ ಆಕಿ ಏನಂತಾಳ ಕೇಳೇ ಬರ್ತೀನಿ. ಆಕೀನೂ ಸಹಿ ಹಾಕ್ಯಾಳ.”

ಅವರು ಮೆಟ್ಟಿಲಿಳಿದು ಹೋಗುವುದನ್ನು ತಬಸ್ಸುಮ್ ಕಿಟಕಿಯಲ್ಲಿ ನಿಂತು ನೋಡಿದಳು. ಅಬ್ಬಾ ತಮ್ಮ ಹುಡುಗುತನದ ದಿನಗಳನ್ನು ಹೇಳುತ್ತಿದ್ದುದುಂಟು: ಕ್ಷೌರದಂಗಡಿಗೆ ಬರುತ್ತಿದ್ದುದು ಒಂದೇ ಪತ್ರಿಕೆ, ಹಾಳೆಗಳನ್ನು ಬಿಡಿಸಿ ಹಂಚಿಕೊಂಡು, ಒಂದೇ ಚಿತ್ರದ ಮೇಲೆ ಇಡೀ ಅಂಗಡಿ ಕಿತ್ತಾಡಿ, ಅರ್ಧ ಬೋಳಿಸಿದ ಗಡ್ಡದಲ್ಲೇ ಒಬ್ಬ ಎದ್ದು ಹೋಗಿ, ಮತ್ತೆ ಬಂದು ಕೂರುತ್ತಿದ್ದನಂತೆ. ಆ ಕಾಲದ ಜನರ ಬಗ್ಗೆ ಅವಳಿಗೆ ಒಮ್ಮೆಲೇ ಪ್ರೀತಿ ಉಕ್ಕಿತು. ತಮಗೆ ಹಿಡಿಸದ ಚಿತ್ರವೊಂದು ತಮ್ಮ ಕೈಯವರೆಗೆ ಇದ್ದ ಹಾಗೆಯೇ ಬಂದು ತಲುಪುತ್ತಿತ್ತಲ್ಲ, ಅದೆಂಥ ಭಾಗ್ಯವೆಂದು ಆ ಜನಕ್ಕೆ ಆಗ ಗೊತ್ತಿತ್ತೋ ಇಲ್ಲವೋ.